ಮೊದಲ ವರ್ಷದ ವೈದ್ಯರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಹತ್ತೊಂಬತ್ತು ಇಪ್ಪತ್ತರ ಪ್ರಾಯದ ಮಗನೊಬ್ಬನ ಚಿತ್ತ ಕದಡಿತೆಂದರೆ, ಆ ಸಂಗತಿ ಮನೋವೈದ್ಯರವರೆಗೆ ಬರುವುದಕ್ಕೆ ಮುಂಚೆ ಬಹಳ ಜನರ ಬಾಗಿಲು ತಟ್ಟಿ ಬರುತ್ತದೆ. ಮೊದಲು ಸೋದರಮಾವನನ್ನು ಕರೆಸಿ ಮನೆಯೊಳಗೇ ಆಲೋಚನೆಯಾಗುವುದು. ಬಳಿಕ ಜೋಯಿಸರು ಪಂಚಾಂಗ ತೆರೆದು ಸಾಡೇಸಾತಿಯ ಲೆಕ್ಕ ಹೇಳುವರು. ಅಲ್ಲಿಂದ ಮುಂದೆ ಯಂತ್ರ ಕಟ್ಟುವವನು, ಗಾಳಿ ಬಿಡಿಸುವವನು, ಹೊಟ್ಟೆಯೊಳಗಿನ ಇಡುಮದ್ದನ್ನು ಕಕ್ಕಿಸುವವನು, ಹೀಗೆ ಒಬ್ಬೊಬ್ಬರ ಪಾಲಿಗೆ ಒಂದೊಂದು ತಿಂಗಳು ಸಂದ ಮೇಲೆ, ಪೇಟೆಯ ಡಾಕ್ಟರೊಬ್ಬರು ನಿದ್ರೆಯ ಮಾತ್ರೆ ಬರೆದುಕೊಟ್ಟು, ಅದರಿಂದಲೂ ಗುಣ ಕಾಣದೆ, ಕಟ್ಟಕಡೆಗೆ ನೆಂಟರಲ್ಲಿ ಯಾರೋ ಒಬ್ಬರು "ಬೆಂಗಳೂರಿಗೆ ಕರ್ಕೊಂಡ್ ಹೋಗಿ, ನಿಮ್ಹಾನ್ಸಲ್ಲಿ ತೋರ್ಸಿ" ಎಂದು ಹೇಳುವ ಹೊತ್ತಿಗೆ ವರ್ಷವೇ ಕಳೆದಿರುವುದು ಅಪೂರ್ವವೇನಲ್ಲ. ಹೀಗೆ ಕಳೆದುಹೋಗುವ ವರ್ಷದ ವಿಚಾರವಾಗಿಯೂ, ಅದನ್ನು ಉಳಿಸಿಕೊಳ್ಳುವುದನ್ನೇ ವೃತ್ತಿಯಾಗಿ ಮಾಡಿಕೊಂಡ ವೈದ್ಯರ ವಿಚಾರವಾಗಿಯೂ ನಾಲ್ಕು ಮಾತು ಹೇಳಬೇಕಾಗಿದೆ.

ಸೈಕೋಸಿಸ್ ಎಂದು ವೈದ್ಯರು ಕರೆಯುವ ಚಿತ್ತವಿಕಲತೆಯಲ್ಲಿ ಮನುಷ್ಯನಿಗೆ ಉಳಿದವರೆಲ್ಲರಿಗೂ ಸಮಾನವಾಗಿರುವ ಈ ಲೋಕದ ಹಿಡಿತ ತಪ್ಪುತ್ತದೆ. ಇಲ್ಲದ ಧ್ವನಿಗಳು ಕೇಳಿಸುವುವು. ಆಧಾರವಿಲ್ಲದ ಸಂಶಯಗಳು ಯಾವ ಯುಕ್ತಿಗೂ ಮಣಿಯದ ನಂಬಿಕೆಗಳಾಗುವುವು. ಆಡುವ ಮಾತಿನ ಎಳೆ ನಡುನಡುವೆ ಕಡಿಯುವುದು. ಸ್ಕಿಜೋಫ್ರೀನಿಯ ಇದರ ದೀರ್ಘಕಾಲಿಕ ರೂಪಗಳಲ್ಲಿ ಮುಖ್ಯವಾದುದು. ನಿಮ್ಹಾನ್ಸ್ ಸಂಸ್ಥೆಯವರು 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಜೀವಮಾನದಲ್ಲಿ ಒಮ್ಮೆಯಾದರೂ ಈ ವರ್ಗದ ಕಾಯಿಲೆಗೆ ಒಳಗಾಗುವವರು ನೂರಕ್ಕೆ ಒಬ್ಬರಿಗಿಂತ ತುಸು ಹೆಚ್ಚು; ಕಾಯಿಲೆ ಇದ್ದೂ ಚಿಕಿತ್ಸೆ ಇಲ್ಲದವರು ಹೆಚ್ಚುಕಡಿಮೆ ಮುಕ್ಕಾಲು ಪಾಲು. ಈ ರೋಗದ ಕ್ರೌರ್ಯವಿರುವುದು ಅದು ಆರಿಸಿಕೊಳ್ಳುವ ವಯಸ್ಸಿನಲ್ಲಿ. ಹದಿನೇಳು ಹದಿನೆಂಟರಿಂದ ಇಪ್ಪತ್ತೈದರವರೆಗಿನ ಅವಧಿ, ಎಂದರೆ ಓದು ಮುಗಿಯುವ, ಉದ್ಯೋಗ ಹಿಡಿಯುವ, ಮದುವೆಯ ಮಾತು ಹುಟ್ಟುವ ಕಾಲವೇ ಅದರ ಪ್ರವೇಶಕಾಲ.

ಹೊನ್ನವಳ್ಳಿ ಹೋಬಳಿಯ ಕಡೆಯ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳೋಣ; ಇವನು ಯಾರೊಬ್ಬನೂ ಅಲ್ಲ, ಇಂತಹ ಅನೇಕರ ಚಹರೆಗಳು ಕೂಡಿ ಆದವನು. ಪದವಿ ಓದುತ್ತಿದ್ದವನು ತಿಪಟೂರಿನ ಕಾಲೇಜಿಗೆ ಹೋಗುವುದನ್ನು ಒಂದು ದಿನ ಬಿಟ್ಟ, ಎರಡು ದಿನ ಬಿಟ್ಟ, ಆಮೇಲೆ ಬಸ್ಸು ಹತ್ತುವುದನ್ನೇ ಬಿಟ್ಟ. ಸ್ನಾನ ನಿಂತಿತು. ಊಟದ ತಟ್ಟೆಯನ್ನು ಕೋಣೆಗೆ ಒಯ್ದು ಬಾಗಿಲು ಹಾಕಿಕೊಳ್ಳತೊಡಗಿದ. ತನ್ನ ಮೊಬೈಲಿನಲ್ಲಿ ಯಾರೋ ಹೊಕ್ಕು ಕುಳಿತು ತನ್ನ ಮಾತನ್ನೆಲ್ಲ ಊರಿಗೆ ಸಾರುತ್ತಿದ್ದಾರೆಂದು ಅದನ್ನು ತೊಟ್ಟಿಯ ನೀರಿನಲ್ಲಿ ಮುಳುಗಿಸಿದ. ಮನೆಯವರು ಮೊದಲು ಇದನ್ನು ಸೋಮಾರಿತನವೆಂದರು, ಆಮೇಲೆ ಪ್ರೇಮಪ್ರಕರಣವೆಂದರು, ಆಮೇಲೆ ಸೋಕು ಎಂದರು. ಇಷ್ಟನ್ನೂ ಕಂಡು ಅವನ ತಾಯಿ ವೈದ್ಯರೆದುರು ಹೇಳುವ ಮಾತು ಯಾವ ಪಠ್ಯಪುಸ್ತಕದ ವಿವರಣೆಗೂ ಕಡಿಮೆಯಾದುದಲ್ಲ: "ಅವ್ನು ಮೊದ್ಲಿನಂಗಿಲ್ಲ ಡಾಕ್ಟ್ರೇ. ನಾವು ಮಾತಾಡ್ಸಿದ್ರೆ ಮಾತಾಡಲ್ಲ. ಒಬ್ನೇ ಇದ್ದಾಗ ಮಾತಾಡ್ತಾನೆ."

ಇಂತಹವನನ್ನು ಮೊದಲ ಸಲ ಕಾಣುವ ಮನೋವೈದ್ಯರು ಮಾಡುವ ಕೆಲಸವನ್ನು ದೂರದಿಂದ ನೋಡಿದವರಿಗೆ ಅದು ಕೆಲಸವೆಂದೇ ತೋರಲಾರದು. ಎದೆಗೆ ಕೊಳವೆ ಇಡುವುದಕ್ಕಿಂತ ಹೆಚ್ಚಾಗಿ ಅವರು ಸುಮ್ಮನೆ ಕುಳಿತಿರುವಂತೆ ಕಾಣುವುದು. ಹುಡುಗನನ್ನು ಮನೆಯವರಿಂದ ಬೇರೆಯಾಗಿ ಕೂರಿಸಿಕೊಂಡು, "ಏನಪ್ಪಾ, ರಾತ್ರಿ ನಿದ್ದೆ ಬರುತ್ತಾ?" ಎಂದು ತೊಡಗಿ, ಮನೆ, ಕಾಲೇಜು, ಗೆಳೆಯರು ಎಂದು ಸುತ್ತಿ ಬಂದು, ಅವನಾಗಿಯೇ ಆ ಧ್ವನಿಗಳ ಪ್ರಸ್ತಾಪವನ್ನು ಎತ್ತುವವರೆಗೆ ಕಾಯುವುದು ಒಂದು ವಿದ್ಯೆ. ಅವನ ನಂಬಿಕೆಯನ್ನು ಸುಳ್ಳೆಂದು ವಾದಿಸಿದರೆ ವೈದ್ಯರೂ ಶತ್ರುಪಕ್ಷಕ್ಕೆ ಸೇರಿದರು. ನಿಜವೆಂದು ತಲೆದೂಗಿದರೆ ರೋಗಕ್ಕೆ ಸಾಕ್ಷಿ ಹೇಳಿದಂತಾಯಿತು. ಇವೆರಡರ ನಡುವಿನ ಇಕ್ಕಟ್ಟಾದ ದಾರಿಯಲ್ಲಿ, "ನಿನಗೆ ಕೇಳಿಸುವುದು ನಿನಗೆ ನಿಜವೇ, ಅದರಿಂದ ನಿನಗೆ ಎಷ್ಟು ಕಷ್ಟವಾಗುತ್ತಿದೆ, ಅದನ್ನು ಹೇಳು" ಎಂದು ಅವರು ಹೆಜ್ಜೆಯಿಡಬೇಕು. ಆ ಧ್ವನಿಗಳು ಸಾಯಲು ಹೇಳುತ್ತವೆಯೋ ಎಂಬುದನ್ನು ನೇರವಾಗಿಯೇ ಕೇಳಬೇಕು. ಏಕೆಂದರೆ ಆತ್ಮಹತ್ಯೆಯ ಅಪಾಯ ಈ ಕಾಯಿಲೆಯ ಆರಂಭದ ವರ್ಷಗಳಲ್ಲಿಯೇ ಅಧಿಕ. ಗಾಂಜಾ ಸೇದಿದ್ದುಂಟೇ ಎಂಬುದನ್ನು ತಂದೆಯ ಎದುರಿನಲ್ಲಿ ಕೇಳಬಾರದು, ಆದರೆ ಕೇಳದೆ ಬಿಡಲೂ ಬಾರದು. ಮೂರ್ಛೆರೋಗ, ಮೆದುಳಿನ ಉರಿಯೂತ, ಥೈರಾಯ್ಡಿನ ವ್ಯತ್ಯಯಗಳು ಕೂಡ ಇದೇ ವೇಷದಲ್ಲಿ ಬರುವುದುಂಟಾದ್ದರಿಂದ ದೇಹಪರೀಕ್ಷೆಯನ್ನೂ ರಕ್ತಪರೀಕ್ಷೆಯನ್ನೂ ಬಿಡುವಂತಿಲ್ಲ.

ಇಷ್ಟೆಲ್ಲ ಆದ ಮೇಲೂ ವಿವೇಕಿಯಾದ ವೈದ್ಯರು ರೋಗಕ್ಕೆ ಹೆಸರಿಡುವುದಕ್ಕೆ ಆತುರಪಡುವುದಿಲ್ಲ. ಹಠಾತ್ತಾಗಿ ತಲೆದೋರಿ ಕೆಲವೇ ವಾರಗಳಲ್ಲಿ ಸಂಪೂರ್ಣವಾಗಿ ಅಡಗಿಹೋಗುವ ಉನ್ಮಾದಗಳು ನಮ್ಮ ದೇಶದಲ್ಲಿ ಪಾಶ್ಚಾತ್ಯ ದೇಶಗಳಿಗಿಂತ ಹೆಚ್ಚು. ನಮ್ಮ ಅಜ್ಜಿಯರು ಬಾಣಂತಿ ಸನ್ನಿಯೆಂದು ಗುರುತಿಸಿದ್ದ, ಹೆರಿಗೆಯಾದ ಮೊದಲ ವಾರಗಳಲ್ಲಿ ಕಾಣಿಸಿಕೊಳ್ಳುವ ಚಿತ್ತವಿಭ್ರಮೆಯೂ ಸಕಾಲದಲ್ಲಿ ಔಷಧ ಬಿದ್ದರೆ ಸೊಗಸಾಗಿ ಗುಣವಾಗತಕ್ಕದ್ದು. ತಾಯಿಯನ್ನು ಕೂಸಿನಿಂದ ಅಗಲಿಸದೆ ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಮಾಡುವ ವಿಭಾಗ ನಿಮ್ಹಾನ್ಸಿನಲ್ಲಿದೆ. ಇಪ್ಪತ್ತರ ಹುಡುಗನ ಹಣೆಗೆ ಮೊದಲ ಭೇಟಿಯಲ್ಲಿಯೇ ಸ್ಕಿಜೋಫ್ರೀನಿಯ ಎಂಬ ಚೀಟಿ ಅಂಟಿಸುವುದು ಸುಲಭ, ಅದನ್ನು ಕೀಳುವುದು ಕಷ್ಟ.

ಈ ಕಾಯಿಲೆಯ ಭವಿಷ್ಯದ ವಿಷಯದಲ್ಲಿ ವೈದ್ಯಶಾಸ್ತ್ರವೇ ಬಹುಕಾಲ ನಿರಾಶೆಯಲ್ಲಿ ಮುಳುಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಎಮಿಲ್ ಕ್ರೆಪೆಲಿನ್ ಇದನ್ನು ಎಳೆಯ ವಯಸ್ಸಿನಲ್ಲಿ ತೊಡಗಿ ಬುದ್ಧಿಕ್ಷಯದಲ್ಲಿ ಮುಗಿಯುವ ವ್ಯಾಧಿಯೆಂದು ವರ್ಣಿಸಿದನು. ಮುಗಿಯುವುದೇ ನಿಶ್ಚಯವಾದ ಮೇಲೆ ಮೊದಲಾದುದು ಯಾವಾಗ ಎಂಬ ವಿಚಾರಣೆಗೆ ಏನು ಬೆಲೆ? 1952ರಲ್ಲಿ ಪ್ಯಾರಿಸ್ಸಿನಲ್ಲಿ ಡಿಲೆ ಮತ್ತು ಡೆನಿಕರ್ ಎಂಬ ವೈದ್ಯರು ಕ್ಲೋರ್‌ಪ್ರೊಮಜೈನ್ ಎಂಬ ಔಷಧದ ಗುಣವನ್ನು ಪ್ರಕಟಪಡಿಸಿದ ಮೇಲೆ ಆಸ್ಪತ್ರೆಗಳ ಬಾಗಿಲುಗಳು ತೆರೆಯತೊಡಗಿದುವು. ಅದಕ್ಕೂ ಇಪ್ಪತ್ತು ವರ್ಷ ಮೊದಲೇ, 1931ರಲ್ಲಿ, ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಸರ್ಪಗಂಧಿಯ ಬೇರಿನಿಂದ ಉನ್ಮಾದ ಶಮನವಾಗುವುದನ್ನು ಬರೆದಿಟ್ಟಿದ್ದರೆಂಬುದನ್ನು ನಾವು ನೆನೆಯುವುದು ಕಡಿಮೆ. 1990ರ ದಶಕದಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಪ್ಯಾಟ್ರಿಕ್ ಮೆಕ್‌ಗೋರಿ ಮೊದಲಾದವರು ಕಾಯಿಲೆಯ ಮೊದಲ ಆಘಾತಕ್ಕೆ ಸಿಕ್ಕ ಎಳೆಯರಿಗಾಗಿಯೇ ಪ್ರತ್ಯೇಕ ಸೇವೆಯನ್ನು ಸ್ಥಾಪಿಸಿದಾಗ, ಆರಂಭದಲ್ಲಿ ಚಿಕಿತ್ಸೆಯಿಲ್ಲದೆ ಕಳೆಯುವ ಕಾಲವೇ ಅಳೆಯತಕ್ಕ ಮುಖ್ಯ ವಸ್ತುವಾಯಿತು.

ಆ ಕಾಲ ಎಷ್ಟು? ಯಂತ್ರ ತಾಯಿತಗಳ ನಮ್ಮ ಸೀಮೆಯನ್ನು ಬಿಡೋಣ; ಅಮೆರಿಕದಲ್ಲಿ 34 ಚಿಕಿತ್ಸಾಲಯಗಳನ್ನು ಒಳಗೊಂಡು ನಡೆದು 2015ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಆ ಅವಧಿಯ ಮಧ್ಯಮಾಂಕ 74 ವಾರಗಳಷ್ಟಿತ್ತು; ಅದಕ್ಕಿಂತ ಬೇಗ ಬಂದವರಿಗೇ ಚಿಕಿತ್ಸೆಯ ಪ್ರಯೋಜನ ಹೆಚ್ಚಾಗಿ ದೊರೆಯಿತು. ನಾರ್ವೆಯ ಸ್ಟವಾಂಗರ್ ಪಟ್ಟಣದ ಸೀಮೆಯವರು ಮಾಡಿದ ಪ್ರಯೋಗ ಇನ್ನೂ ಬೋಧಪ್ರದವಾದುದು. ಪತ್ರಿಕೆ, ರೇಡಿಯೊ, ಚಿತ್ರಮಂದಿರ, ಶಾಲೆಗಳ ಮೂಲಕ ಕಾಯಿಲೆಯ ಮೊದಲ ಲಕ್ಷಣಗಳನ್ನು ಸಾರಿ, ಕರೆದಲ್ಲಿಗೆ ಹೋಗಿ ನೋಡುವ ತಂಡಗಳನ್ನು ಏರ್ಪಡಿಸಿದಾಗ, 26 ವಾರಗಳಷ್ಟಿದ್ದ ವಿಳಂಬ 5 ವಾರಗಳಿಗೆ ಇಳಿಯಿತು. ತಂಡಗಳನ್ನು ಉಳಿಸಿಕೊಂಡು ಪ್ರಚಾರವನ್ನು ಮಾತ್ರ ನಿಲ್ಲಿಸಿದಾಗ ಅದು ಮತ್ತೆ 15 ವಾರಗಳಿಗೆ ಏರಿತು. ಆಸ್ಪತ್ರೆಯಿದ್ದರೆ ಸಾಲದು, ಅದಿರುವ ಸುದ್ದಿ ವರ್ಷವರ್ಷವೂ ಮನೆಮನೆಗೆ ತಲುಪುತ್ತಿರಬೇಕು ಎಂದಾಯಿತು. ನಮ್ಮಲ್ಲಿ ಕೊಬ್ಬರಿಯ ಬೆಲೆಯನ್ನು ಊರೂರಿಗೂ ಆಯಾ ದಿನವೇ ಮುಟ್ಟಿಸುವ ವ್ಯವಸ್ಥೆಯಿದೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವಾರ ಯಾವುದೆಂಬುದು ಆ ಊರಿನ ಆಟೋ ನಿಲ್ದಾಣದಲ್ಲಿಯೂ ತಿಳಿದಿರುವುದಿಲ್ಲ.

ಈ ಸೀಮೆಯ ಜನ ಕಾಯುವುದನ್ನು ಬಲ್ಲವರು. ಬಲಿತ ಕಾಯಿಯನ್ನು ಸಿಪ್ಪೆಯೊಂದಿಗೇ ಅಟ್ಟಕ್ಕೇರಿಸಿ, ಹತ್ತು ಹನ್ನೊಂದು ತಿಂಗಳು ಅದನ್ನು ಮುಟ್ಟದೆ, ಅಲುಗಿಸಿದರೆ ಒಳಗೆ ಕೊಬ್ಬರಿ ಬಿಟ್ಟುಕೊಂಡ ಸದ್ದು ಕೇಳುವ ತನಕ ತಾಳ್ಮೆಯಿಂದಿದ್ದು, ಆ ಮೇಲೆ ಸುಲಿದು ಒಡೆದು ಉಂಡೆ ಕೊಬ್ಬರಿ ತೆಗೆಯುವವರು. ಅವಸರ ಮಾಡಿದವನ ಕೊಬ್ಬರಿ ಕೆಡುತ್ತದೆ. ಆದರೆ ಮಗನ ಕಾಯಿಲೆಯನ್ನೂ "ನೋಡಾಣ, ಈ ಅಮಾಸೆ ಕಳೀಲಿ" ಎಂದು ಅದೇ ಅಭ್ಯಾಸಬಲದಿಂದ ಅಟ್ಟಕ್ಕೇರಿಸಿದರೆ, ಅಲ್ಲಿ ಕೆಡುವುದು ಕಾಯುವುದರಿಂದಲೇ. ಆ ತಿಂಗಳುಗಳಲ್ಲಿ ಹುಡುಗ ಪರೀಕ್ಷೆಯನ್ನು ಕಳೆದುಕೊಳ್ಳುವನು, ಗೆಳೆಯರನ್ನು ಕಳೆದುಕೊಳ್ಳುವನು, ಊರಿನಲ್ಲಿ ಒಂದು ಅಡ್ಡಹೆಸರನ್ನು ಸಂಪಾದಿಸುವನು. ಧ್ವನಿಗಳನ್ನು ಮಾತ್ರೆ ನಿಲ್ಲಿಸೀತು, ಅಡ್ಡಹೆಸರನ್ನು ನಿಲ್ಲಿಸಲಾರದು.

ಹಾಗೆಂದು ದೇವಸ್ಥಾನಕ್ಕೆ ಹೋದ ತಪ್ಪಿಗೆ ತಂದೆತಾಯಿಗಳನ್ನು ಗದರುವ ವೈದ್ಯರನ್ನು ನಾನು ಮೆಚ್ಚಲಾರೆ. ಹರಕೆ ಹೊತ್ತುಕೊಂಡೇ ಮಾತ್ರೆ ನುಂಗಬಹುದು; ತಾಯಿತದ ದಾರ ಚುಚ್ಚುಮದ್ದಿಗೆ ಅಡ್ಡ ಬರುವುದಿಲ್ಲ. ಗದರಿಸಿಕೊಂಡ ತಾಯಿ ಮುಂದಿನ ತಿಂಗಳು ಬರುವುದಿಲ್ಲ, ನಷ್ಟ ಅಷ್ಟೆ. ಹೊಡೆತ, ಉಪವಾಸ, ಸರಪಳಿಗಳ ಮಾತು ಬೇರೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ರೋಗಿಗಳು ಸುಟ್ಟು ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಸರಪಳಿ ಹಾಕುವುದನ್ನು ಯಾವ ಸ್ಥಳದಲ್ಲಿಯೂ, ಯಾವ ನೆಪದಲ್ಲಿಯೂ ನಿಷೇಧಿಸಿದೆ. ಹದಿನೆಂಟು ತುಂಬದವರನ್ನು ಆಸ್ಪತ್ರೆಗೆ ಸೇರಿಸಿಕೊಂಡರೆ ವಯಸ್ಕರಿಂದ ಬೇರೆಯಾಗಿ, ಮನೆಯವರೊಬ್ಬರ ಜೊತೆಯಲ್ಲಿ ಇರಿಸತಕ್ಕದ್ದೆಂದು ವಿಧಿಸಿದೆ.

ಔಷಧದ ಮಾತು. ಎಳೆಯ ದೇಹ, ಮೊದಲ ಸಲ ಔಷಧ ಕಾಣುವ ಮೆದುಳು. ಆದ್ದರಿಂದ ರಿಸ್ಪೆರಿಡೋನ್, ಓಲಾಂಜಪೈನ್, ಅರಿಪಿಪ್ರಜೋಲ್ ಮೊದಲಾದುವುಗಳಲ್ಲಿ ಯಾವುದನ್ನು ಆರಿಸಿದರೂ ಅಲ್ಪ ಪ್ರಮಾಣದಿಂದ ತೊಡಗಿ ಮೆಲ್ಲಗೆ ಏರಿಸುವುದು ಕ್ರಮ. ಎರಡನೆಯ ಭೇಟಿಯಲ್ಲಿ ವೈದ್ಯರು ಹುಡುಗನ ಮುಂಗೈಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳನ್ನು ಅವನ ಮೊಣಕೈಯ ಮಡಿಕೆಯಲ್ಲಿಟ್ಟು, ತೋಳನ್ನು ನಿಧಾನವಾಗಿ ಮಡಿಸಿ ಬಿಡಿಸಿ ನೋಡುವರು. ತೋಳು ಸಲೀಸಾಗಿ ಬಾರದೆ ತಡೆತಡೆದು ಬಂದರೆ ಔಷಧದಿಂದ ಸ್ನಾಯುಗಳು ಬಿಗಿಯುತ್ತಿವೆಯೆಂದು ಅರ್ಥ. ಎರಡೂ ಕೈ ಚಾಚಿಸಿ ಬೆರಳ ನಡುಕ ನೋಡುವರು; ಕುಳಿತ ಹುಡುಗನ ಪಾದಗಳನ್ನು ಗಮನಿಸುವರು. ಅವು ಒಂದೆಡೆ ನಿಲ್ಲದಿದ್ದರೆ, ಮನೆಯವರು "ಜಾಸ್ತಿಯಾಗಿದೆ" ಎಂದು ದೂರುವ ಚಡಪಡಿಕೆ ರೋಗದ್ದಲ್ಲ, ಮಾತ್ರೆಯದು. ಇದನ್ನು ತಿಳಿಯದೆ ಮಾತ್ರೆಯನ್ನೇ ಹೆಚ್ಚಿಸಿದರೆ ಅನರ್ಥ. ಬಳಿಕ ತೂಕ, ಸೊಂಟದ ಸುತ್ತಳತೆ, ರಕ್ತದ ಸಕ್ಕರೆ. ಕೆಲವು ಔಷಧಗಳು ಆರು ತಿಂಗಳಲ್ಲಿ ಸಣಕಲ ಹುಡುಗನನ್ನು ಸ್ಥೂಲಕಾಯನನ್ನಾಗಿ ಮಾಡುವುದುಂಟು, ಅದೇ ಲಜ್ಜೆಯಿಂದ ಅವನು ಔಷಧ ಬಿಡುವುದೂ ಉಂಟು. ತೆಂಗಿನ ಸೀಮೆಗೇ ವಿಶೇಷವಾದ ಒಂದು ಪ್ರಶ್ನೆಯನ್ನು ಇಲ್ಲಿನ ವೈದ್ಯರು ಮರೆಯಬಾರದು: ಹುಡುಗ ಮರ ಹತ್ತುವವನೇ? ಮಂಪರು ಕವಿಯುವ ಮೊದಲ ವಾರಗಳಲ್ಲಿ ಅವನನ್ನು ಮರದಿಂದಲೂ ಮೋಟಾರುಬೈಕಿನಿಂದಲೂ ದೂರವಿಡತಕ್ಕದ್ದು.

ಮೂರು ತಿಂಗಳಿಗೆ ಧ್ವನಿಗಳು ಅಡಗಿದುವು, ಆರು ತಿಂಗಳಿಗೆ ಹುಡುಗ ತೋಟಕ್ಕೆ ನೀರು ಕಟ್ಟಿದ; ಆಗ ತಂದೆ ಕೇಳುವ ಪ್ರಶ್ನೆ, "ಇನ್ನೂ ಎಷ್ಟ್ ದಿನ ಸಾರ್ ಈ ಮಾತ್ರೆ?" ನ್ಯಾಯವಾದ ಪ್ರಶ್ನೆ. ನ್ಯೂಯಾರ್ಕಿನಲ್ಲಿ ಮೊದಲ ಸಲ ಕಾಯಿಲೆ ಬಿದ್ದವರನ್ನು ಅನುಸರಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐದು ವರ್ಷಗಳೊಳಗೆ ಹತ್ತರಲ್ಲಿ ಎಂಟು ಮಂದಿಗೆ ಕಾಯಿಲೆ ಮರುಕಳಿಸಿತ್ತು. ಔಷಧ ನಿಲ್ಲಿಸಿದವರಲ್ಲಿ ಮರುಕಳಿಸುವ ಅಪಾಯ ಸುಮಾರು ಐದು ಪಟ್ಟು. ಆದ್ದರಿಂದ ಗುಣ ಕಂಡ ಮೇಲೂ ಒಂದೆರಡು ವರ್ಷವಾದರೂ ಔಷಧ ಮುಂದುವರಿಯಬೇಕೆಂದು ವೈದ್ಯರು ಹೇಳುತ್ತಾರೆ. ಹೇಳಿದ್ದನ್ನು ಕೇಳಿಕೊಂಡು ಹೋಗಿ, ಹುಡುಗ ಒಲ್ಲೆನೆಂದಾಗ ಅದನ್ನು ಪುಡಿಮಾಡಿ ಕಾಫಿಯಲ್ಲಿ ಬೆರೆಸಿಕೊಡುವ ತಾಯಂದಿರು ನಮ್ಮಲ್ಲಿ ಬಹಳ. ಅದು ಪ್ರೀತಿಯಿಂದಲೇ ಆಗುವ ಕೆಲಸ. ಆದರೂ, ಮೊದಲೇ ಅನ್ನದಲ್ಲಿ ವಿಷವಿದೆಯೆಂದು ಶಂಕಿಸುವ ಹುಡುಗನಿಗೆ ಒಂದು ದಿನ ಲೋಟದ ತಳದಲ್ಲಿ ಬಿಳಿಯ ಗಸಿ ಕಂಡರೆ, ಅವನ ಭ್ರಮೆಗೆ ಆಧಾರವನ್ನು ಒದಗಿಸಿದವರು ನಾವೇ ಆದೆವು. ತಿಂಗಳಿಗೊಮ್ಮೆ ಇಲ್ಲವೇ ಎರಡು ಸಲ ಕೊಡುವ ಚುಚ್ಚುಮದ್ದು ಇಂತಹ ಮನೆಗಳಲ್ಲಿ ಎಷ್ಟೋ ಮೇಲು, ಅದೂ ಅವನ ಒಪ್ಪಿಗೆಯಿಂದ.

ತಿಪಟೂರಿನಿಂದ ಬೆಂಗಳೂರು ಸುಮಾರು 140 ಕಿಲೋಮೀಟರು. ರೈಲಿದೆ, ಬಸ್ಸಿದೆ, ಆದರೆ ಮಗನೊಂದಿಗೆ ಒಬ್ಬರು ಹೋಗಿಬರುವ ಒಂದು ದಿನದ ಕೂಲಿಯನ್ನೂ ಖರ್ಚನ್ನೂ ತಿಂಗಳುತಿಂಗಳೂ ಹೊಂದಿಸುವುದು ಸಣ್ಣ ಹಿಡುವಳಿಯ ಮನೆಗೆ ಸುಲಭವಲ್ಲ. ಇದನ್ನು ಬಲ್ಲ ನಿಮ್ಹಾನ್ಸಿನ ವೈದ್ಯರು ತಾವೇ ಹಳ್ಳಿಗೆ ಹೋಗುವ ಪದ್ಧತಿಯನ್ನು ಬಹಳ ಹಿಂದೆಯೇ ತೊಡಗಿದರು. ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯೂ, 1954ರಲ್ಲಿ ಅದರ ಪಕ್ಕದಲ್ಲಿ ಹುಟ್ಟಿದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆದ ಸ್ವಲ್ಪ ಕಾಲದಲ್ಲಿಯೇ, ಆನೇಕಲ್ ಕಡೆಯ ಸಕಲವಾರದಲ್ಲಿ ಗ್ರಾಮಾಂತರ ಕೇಂದ್ರ ಆರಂಭವಾಗಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮನೋರೋಗಗಳನ್ನು ಗುರುತಿಸುವ ಶಿಕ್ಷಣ ದೊರೆಯಿತು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಆದ ಪ್ರಯೋಗವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮೇಲ್ಪಂಕ್ತಿಯಾಯಿತು. ಕನ್ನಡದ ಓದುಗರಿಗೂ ಮನೋವೈದ್ಯದ ವಿಷಯ ಅಪರಿಚಿತವಲ್ಲ: 'ಕೊರವಂಜಿ'ಯ ರಾಶಿ ಎಂದು ನಾಡಿಗೆ ಪರಿಚಿತರಾದ ಡಾ. ಎಂ. ಶಿವರಾಂ ಅವರ 'ಮನಮಂಥನ' ಎಂಬ ಮನೋವೈದ್ಯಕೀಯ ಗ್ರಂಥಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತ್ತು.

ನಮ್ಮ ಸೀಮೆಗೆ ಹತ್ತಿರದ ದೃಷ್ಟಾಂತ ತುರುವೇಕೆರೆ. ಜಗದೀಶ ತೀರ್ಥಹಳ್ಳಿ, ಸಿ. ನವೀನ್ ಕುಮಾರ್ ಮೊದಲಾದ ನಿಮ್ಹಾನ್ಸ್ ಮನೋವೈದ್ಯರ ಬಳಗ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿಯೂ ತುಮಕೂರು ಜಿಲ್ಲೆಯ ತುರುವೇಕೆರೆಯಲ್ಲಿಯೂ ಇಡೀ ತಾಲ್ಲೂಕನ್ನೇ ಕ್ಷೇತ್ರವಾಗಿ ತೆಗೆದುಕೊಂಡು, ಆರೋಗ್ಯ ಕಾರ್ಯಕರ್ತೆಯರ ನೆರವಿನಿಂದ ಊರೂರುಗಳಲ್ಲಿ ಸ್ಕಿಜೋಫ್ರೀನಿಯದವರನ್ನು ಹುಡುಕಿ, ಅವರ ಸಮೀಪದಲ್ಲಿಯೇ ಚಿಕಿತ್ಸೆಯನ್ನು ಒದಗಿಸಿ, ವರ್ಷಾನುಗಟ್ಟಲೆ ಅವರ ಯೋಗಕ್ಷೇಮವನ್ನು ದಾಖಲಿಸುತ್ತ ಬಂದಿದೆ. ತೀರ್ಥಹಳ್ಳಿಯ ಅನುಸರಣೆಯಿಂದ 2009ರಲ್ಲಿ ಪ್ರಕಟವಾದ ಫಲಿತಾಂಶ ಸರಳವಾದುದು: ಔಷಧ ಪಡೆದವರ ಅಶಕ್ತತೆ ವರ್ಷದೊಳಗೆ ಇಳಿಯಿತು, ಪಡೆಯದವರದು ಹಾಗೆಯೇ ಉಳಿಯಿತು. ಇಂತಹ ಸೇವೆಯಲ್ಲಿ ವೈದ್ಯರಷ್ಟೇ ಮುಖ್ಯರಾದವರು ಆಶಾ ಕಾರ್ಯಕರ್ತೆಯರು. ಲಸಿಕೆಗೋ ಗರ್ಭಿಣಿಯ ತಪಾಸಣೆಗೋ ಎಂದು ಮನೆಗೆ ಹೋದವಳು, "ಅಣ್ಣ ಯಾಕಕ್ಕ ಈಚೆಗೆ ಹೊರಗೇ ಬರಲ್ಲ?" ಎಂದು ಮಾತಿನ ನಡುವೆ ಕೇಳಬಲ್ಲಳು, ಆ ಪ್ರಶ್ನೆಯನ್ನು ಬಿಳಿಯ ಕೋಟಿನವರು ಕೇಳಿದರೆ ಬಾಗಿಲು ಮುಚ್ಚುವುದು. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದ ದಿನ ಮನೋವೈದ್ಯರು ಬರುವ ಮನೋಚೈತನ್ಯ ಯೋಜನೆಯನ್ನು ನಮ್ಮ ಸರ್ಕಾರ 2014ರಲ್ಲಿ ಆರಂಭಿಸಿತು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ದೊರೆಯುತ್ತದೆ, ಕನ್ನಡದಲ್ಲಿಯೂ.

ಚಿಕಿತ್ಸೆ ಹಿಡಿದ ಮೇಲೆ ಬರುವ ಕಷ್ಟಗಳಲ್ಲಿ ಮದುವೆಯಷ್ಟು ಜಟಿಲವಾದುದು ಇನ್ನೊಂದಿಲ್ಲ. "ಒಂದ್ ಮದ್ವೆ ಮಾಡಿದ್ರೆ ಸರಿಹೋಗ್ತಾನೆ" ಎಂಬ ನಂಬಿಕೆ ಎಷ್ಟು ಬಲವಾದುದೆಂದರೆ, ಮಾತ್ರೆಯನ್ನು ಮುಚ್ಚಿಟ್ಟು, ಹೆಣ್ಣಿನ ಕಡೆಯವರಿಗೆ ತಿಳಿಯದಂತೆ ಧಾರೆ ಮುಗಿಸಿ, ಆ ಗದ್ದಲದಲ್ಲಿ ನಿದ್ದೆಯೂ ಔಷಧವೂ ತಪ್ಪಿ, ತಿಂಗಳೊಳಗೆ ಕಾಯಿಲೆ ಮರುಕಳಿಸಿದ ಪ್ರಸಂಗಗಳನ್ನು ಮನೋವೈದ್ಯರೆಲ್ಲರೂ ಬಲ್ಲರು. ಹೆಣ್ಣುಮಗಳಾದರೆ ಗುಟ್ಟು ಇನ್ನೂ ಬಿಗಿ. ತವರಿನವರು ಅವಳನ್ನು ವೈದ್ಯರ ಬಳಿ ಕರೆತರುವುದಕ್ಕೇ ಅಂಜುವರು, ಗುಟ್ಟು ಒಡೆದರೆ ಅವಳು ಮರಳಿ ತವರಿಗೇ ಬರುವಳು. 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಮನೋರೋಗದ ಪ್ರಸ್ತಾಪವಿರುವುದು ಮದುವೆಗೂ ಸಂತಾನಕ್ಕೂ ಅನರ್ಹರಾಗುವಷ್ಟು ತೀವ್ರವಾದ ಸ್ಥಿತಿಯೇ ಮೊದಲಾದುವುಗಳಿಗೆ ಸಂಬಂಧಿಸಿದಂತೆ. ಚಿಕಿತ್ಸೆಯಿಂದ ಗುಣವಾಗಿ ದುಡಿಯುತ್ತಿರುವವರು ಮದುವೆಯಾಗಬಾರದೆಂಬ ವಿಧಿಯೇನೂ ಇಲ್ಲ. ವೈದ್ಯರು ತಾವಾಗಿ ಗುಟ್ಟನ್ನು ಹೊರಗೆಡವುವಂತಿಲ್ಲ. ಹೇಳಿಯೇ ಮಾಡಿ ಎಂದು ಮನೆಯವರನ್ನು ಒಪ್ಪಿಸುವುದಕ್ಕೆ ಅವರು ಒಂದಲ್ಲ ಹತ್ತು ಭೇಟಿಗಳನ್ನು ವ್ಯಯಿಸಬೇಕಾದೀತು. ನನ್ನ ಅಭಿಪ್ರಾಯದಲ್ಲಿ ಅದು ವ್ಯರ್ಥವ್ಯಯವಲ್ಲ.

ಕೊನೆಗೆ ಉಳಿಯುವ ಪ್ರಶ್ನೆ, ಈ ಆರೈಕೆ ಎಷ್ಟು ಕಾಲ ನಡೆಯಬೇಕೆಂಬುದು. ಡೆನ್ಮಾರ್ಕಿನಲ್ಲಿ ಎರಡು ವರ್ಷಗಳ ತೀವ್ರ ಆರೈಕೆ ಪಡೆದ ಎಳೆಯರು ಆ ಎರಡು ವರ್ಷ ಉಳಿದವರಿಗಿಂತ ಎಷ್ಟೋ ಚೆನ್ನಾಗಿದ್ದರು. ಅವರನ್ನು ಸಾಧಾರಣ ಸೇವೆಗೆ ಒಪ್ಪಿಸಿದ ಮೇಲೆ, ಐದನೆಯ ವರ್ಷದ ಹೊತ್ತಿಗೆ, ಆ ಅಂತರ ಬಹುಮಟ್ಟಿಗೆ ಅಳಿಸಿಹೋಗಿತ್ತು. ನಮ್ಮ ತಾಲ್ಲೂಕುಗಳಲ್ಲಿಯಾದರೋ, ರೋಗಿಯನ್ನು ಬಿಟ್ಟುಕೊಡುವ ಮೊದಲೇ ವೈದ್ಯರಿಗೆ ವರ್ಗವಾಗುವುದು. ಹೊಸಬರು ಬರುವವರೆಗೆ ಮಂಗಳವಾರಗಳು ಬರಿದಾಗುವುವು. ಔಷಧದ ದಾಸ್ತಾನು ತಿಂಗಳ ನಡುವೆ ಮುಗಿದರೆ ಹೊರಗಿನ ಅಂಗಡಿಯಲ್ಲಿ ಕೊಳ್ಳಬೇಕಾಗುವುದು. ಹೀಗಾಗಿ ಅನುಭವಸ್ಥರಾದ ವೈದ್ಯರು ತಮ್ಮ ತಲೆಯನ್ನು ನಂಬದೆ ಆಸ್ಪತ್ರೆಯಲ್ಲಿಯೇ ಒಂದು ಪಟ್ಟಿಯನ್ನಿಡುವರು: ಈ ತಿಂಗಳು ಬರಬೇಕಾಗಿದ್ದವರು ಯಾರು, ಬಾರದವರು ಯಾರು, ಬಾರದವರ ಊರಿನ ಆಶಾ ಕಾರ್ಯಕರ್ತೆಯ ದೂರವಾಣಿ ಯಾವುದು. ಹೊರರೋಗಿಗಳೆಲ್ಲ ಹೋದ ಮೇಲೆ ಆ ಸಂಖ್ಯೆಗಳಿಗೆ ಕರೆ ಮಾಡುವುದಕ್ಕೆ ನರ್ಸ್ ಒಬ್ಬರನ್ನು ಕೂರಿಸುವುದು ಎಷ್ಟೋ ದುಬಾರಿ ಔಷಧಕ್ಕಿಂತ ಉಪಯುಕ್ತವಾದ ಕ್ರಮ. ಅದಕ್ಕೆ ಪ್ರತ್ಯೇಕ ಹುದ್ದೆಯನ್ನು ಮಂಜೂರು ಮಾಡಿಸುವುದು ಮಾತ್ರ ಇನ್ನೂ ಆಗಬೇಕಾದ ಕೆಲಸ.